ಔಷಧ ಪ್ರಯೋಗದಲ್ಲಿ ದಾದಿಯರ ಪಾತ್ರ: ಕಂಪನಿಯ ಕಡತದಿಂದ ಮಳವಳ್ಳಿಯ ವಾರ್ಡಿನವರೆಗೆ

ಮಂಡ್ಯ: ಹೊಸ ಔಷಧವೊಂದು ಮಾರುಕಟ್ಟೆಗೆ ಬರುವ ಮುನ್ನ ಮನುಷ್ಯರ ಮೇಲೆ ನಡೆಯುವ ಪರೀಕ್ಷೆಗೆ ಕ್ಲಿನಿಕಲ್ ಟ್ರಯಲ್ ಅಥವಾ ಔಷಧ ಪ್ರಯೋಗ ಎಂದು ಹೆಸರು. ಇದಕ್ಕೆ ಹಣ ಹೂಡುವುದು ಬಹುತೇಕ ಔಷಧ ತಯಾರಿಕಾ ಕಂಪನಿ. ಸಹಿ ಹಾಕುವುದು ವೈದ್ಯರು. ಆದರೆ ರೋಗಿಯ ತೋಳಿನಿಂದ ರಕ್ತ ತೆಗೆಯುವುದು, ಮಾತ್ರೆ ಎಣಿಸಿ ಕೊಡುವುದು, ಉಳಿದ ಮಾತ್ರೆಯನ್ನು ಮರಳಿ ಎಣಿಸಿಕೊಳ್ಳುವುದು, 'ತಲೆ ಸುತ್ತುತ್ತಾ?' ಎಂದು ಕೇಳಿ ಬರೆದಿಡುವುದು ಹೆಚ್ಚಿನ ಕಡೆ ದಾದಿಯರ ಕೆಲಸ. ಔಷಧೋದ್ಯಮ ಮತ್ತು ಶುಶ್ರೂಷಕಿಯರ ನಡುವಿನ ಈ ಸಹಯೋಗದ ಬಗ್ಗೆ ಕನ್ನಡದಲ್ಲಿ ಚರ್ಚೆ ನಡೆದಿರುವುದು ಕಡಿಮೆ.

ಮಂಡ್ಯ ಜಿಲ್ಲೆಯ ಮಟ್ಟಿಗೆ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಜಿಲ್ಲೆಯಲ್ಲಿ 2005-06ರಲ್ಲಿ ಆರಂಭವಾದ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಮಿಮ್ಸ್) ಮತ್ತು ನಾಗಮಂಗಲ ತಾಲ್ಲೂಕು ಬಿ.ಜಿ.ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಇವೆ. ಆದರೂ ದೊಡ್ಡ ಕಾಯಿಲೆ ಬಂದರೆ ಮದ್ದೂರಿನವರು ಬೆಂಗಳೂರಿನ ಹಾದಿ ಹಿಡಿಯುತ್ತಾರೆ, ಮಳವಳ್ಳಿಯವರಲ್ಲಿ ಅನೇಕರು ಮೈಸೂರಿನ ಬಸ್ಸು ಹತ್ತುತ್ತಾರೆ. ಔಷಧ ಪ್ರಯೋಗಗಳು ಹೆಚ್ಚಾಗಿ ನಡೆಯುವುದೂ ಆ ಎರಡು ನಗರಗಳ ಆಸ್ಪತ್ರೆಗಳಲ್ಲಿಯೇ. ಅಂದರೆ ಪ್ರಯೋಗ ನಡೆಯುವುದು ಒಂದು ಊರಿನಲ್ಲಿ, ಪ್ರಯೋಗಕ್ಕೆ ಒಳಗಾದ ವ್ಯಕ್ತಿ ನಿದ್ದೆ ಮಾಡುವುದು ಇನ್ನೊಂದು ಊರಿನಲ್ಲಿ. ಈ ಅಂತರದ ನಡುವೆ ಬರುವ ತೊಡಕುಗಳೇ ದಾದಿಯರ ಪಾತ್ರವನ್ನು ನಿರ್ಣಾಯಕವಾಗಿಸಿವೆ.

ಪ್ರಯೋಗ ಕೇಂದ್ರದೊಳಗೆ

ಕಂಪನಿಯೊಂದು ಪ್ರಯೋಗ ನಡೆಸಲು ನಿರ್ಧರಿಸಿದಾಗ ಆಸ್ಪತ್ರೆಯ ಹಿರಿಯ ವೈದ್ಯರೊಬ್ಬರು ಪ್ರಧಾನ ಸಂಶೋಧಕರಾಗುತ್ತಾರೆ. ಅವರು ತಮ್ಮ ಕೆಲಸಗಳನ್ನು ಯಾರು ಯಾರಿಗೆ ವಹಿಸಿದ್ದಾರೆ ಎಂಬುದಕ್ಕೆ ಒಂದು ಪಟ್ಟಿ ಇರುತ್ತದೆ. ಉದ್ಯಮದ ಭಾಷೆಯಲ್ಲಿ ಇದು 'ಡೆಲಿಗೇಷನ್ ಲಾಗ್'. ರಕ್ತದ ಮಾದರಿ ಸಂಗ್ರಹಿಸುವವರು, ಔಷಧ ದಾಸ್ತಾನು ನೋಡಿಕೊಳ್ಳುವವರು, ರೋಗಿಗೆ ವಿವರಣೆ ನೀಡುವವರು ಹೀಗೆ ಪ್ರತಿಯೊಬ್ಬರ ಹೆಸರು, ಸಹಿ, ಆರಂಭದ ದಿನಾಂಕ ಅದರಲ್ಲಿ ದಾಖಲಾಗಬೇಕು. ಪಟ್ಟಿಯಲ್ಲಿ ಹೆಸರಿಲ್ಲದ ದಾದಿ ಪ್ರಯೋಗದ ಔಷಧ ಕೊಟ್ಟರೆ ಅದು ನಿಯಮೋಲ್ಲಂಘನೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇಡೀ ವಾರ್ಡು ನೋಡಿಕೊಳ್ಳುವ ಆಸ್ಪತ್ರೆಗಳಲ್ಲಿ ಇದು ಎಷ್ಟು ಕಷ್ಟ ಎಂಬುದನ್ನು ವಿವರಿಸಬೇಕಿಲ್ಲ.

ಕಂಪನಿ ಕಳುಹಿಸುವ ಮಾನಿಟರ್‌ಗಳು ನಿಗದಿತ ಅವಧಿಗೊಮ್ಮೆ ಬಂದು ಕಡತ ಪರಿಶೀಲಿಸುತ್ತಾರೆ. ಅವರು ಮೊದಲು ನೋಡುವ ದಾಖಲೆಗಳಲ್ಲಿ ದಾದಿ ಬರೆದ ಟಿಪ್ಪಣಿಯೂ ಒಂದು. ಲಸಿಕೆ ಅಥವಾ ಇನ್ಸುಲಿನ್‌ನಂತಹ ಔಷಧವಾದರೆ ಫ್ರಿಜ್ಜಿನ ಉಷ್ಣಾಂಶ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇತ್ತೆಂಬುದಕ್ಕೆ ದಿನದಿನದ ದಾಖಲೆ ಬೇಕು. ಒಂದು ದಿನ ವಿದ್ಯುತ್ ಕೈಕೊಟ್ಟು ಉಷ್ಣಾಂಶ ಏರಿದರೆ ಆ ದಾಸ್ತಾನನ್ನು ಬೇರ್ಪಡಿಸಿಟ್ಟು ಕಂಪನಿಗೆ ತಿಳಿಸಬೇಕು. ಬರೆದಿಡದ ಕೆಲಸ ನಡೆದೇ ಇಲ್ಲ ಎಂಬುದು ಈ ಕ್ಷೇತ್ರದ ಮೊದಲ ಪಾಠ.

ಇನ್ನೊಂದು ಸೂಕ್ಷ್ಮವೂ ಇದೆ. ಯಾರಿಗೆ ನಿಜವಾದ ಔಷಧ ಸಿಕ್ಕಿದೆ, ಯಾರಿಗೆ ಹೋಲಿಕೆಯ ಮದ್ದು ಸಿಕ್ಕಿದೆ ಎಂಬುದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಗುಟ್ಟಾಗಿಡುವುದು ಅನೇಕ ಪ್ರಯೋಗಗಳ ಪದ್ಧತಿ. ಆದರೆ ಚುಚ್ಚುಮದ್ದಿನ ಬಣ್ಣವೋ ಸಾಂದ್ರತೆಯೋ ಬೇರೆಯಾಗಿದ್ದರೆ ಅದನ್ನು ಸಿರಿಂಜಿಗೆ ತುಂಬುವವರಿಗೆ ಗುಟ್ಟು ತಿಳಿದೇ ತಿಳಿಯುತ್ತದೆ. ಅಂತಹ ದಾದಿಯನ್ನು ಉಳಿದ ತಂಡದಿಂದ ಪ್ರತ್ಯೇಕವಾಗಿಡುತ್ತಾರೆ. 2020ರಲ್ಲಿ ಸೀರಂ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜಂಟಿಯಾಗಿ ನಡೆಸಿದ ಕೋವಿಶೀಲ್ಡ್ ಲಸಿಕೆಯ 2 ಮತ್ತು 3ನೇ ಹಂತದ ಪ್ರಯೋಗ ಇಂತಹ ಗುಟ್ಟಿನ ಪದ್ಧತಿಯದು. ದೇಶಾದ್ಯಂತ 1600 ಮಂದಿಯನ್ನು ಗುರಿಯಾಗಿಸಿಕೊಂಡಿದ್ದ ಆ ಪ್ರಯೋಗದ ಕೇಂದ್ರಗಳಲ್ಲಿ ಮೈಸೂರಿನ ಜೆಎಸ್ಎಸ್ ಆಸ್ಪತ್ರೆಯೂ ಒಂದಾಗಿತ್ತು. ಅದೇ ವರ್ಷ ಕೊವ್ಯಾಕ್ಸಿನ್ ಲಸಿಕೆಯ ಆರಂಭಿಕ ಹಂತ ಬೆಳಗಾವಿಯ ಜೀವನ್ ರೇಖಾ ಆಸ್ಪತ್ರೆಯಲ್ಲಿ ನಡೆದಿತ್ತು.

ಬೆಳಗಾವಿಯ ಹಳ್ಳಿಗಳು ಕಲಿಸಿದ್ದು

ದಾದಿಯರು ಪ್ರಯೋಗಕ್ಕೆ ಕೈಜೋಡಿಸುವುದಷ್ಟೇ ಅಲ್ಲ, ಅದನ್ನು ತಾವೇ ನಡೆಸಿಕೊಡಬಲ್ಲರು ಎಂಬುದಕ್ಕೆ ಕರ್ನಾಟಕದಲ್ಲೇ ಜಗತ್ತು ಗಮನಿಸಿದ ಉದಾಹರಣೆಯೊಂದಿದೆ.

ಹೆರಿಗೆಯ ನಂತರದ ಅತಿ ರಕ್ತಸ್ರಾವ ತಾಯಂದಿರ ಸಾವಿಗೆ ಮುಖ್ಯ ಕಾರಣಗಳಲ್ಲೊಂದು. ಇದನ್ನು ತಡೆಯಲು ಬಳಸುವ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ತಂಪು ಬೇಕು, ಚುಚ್ಚಲು ತರಬೇತಿ ಬೇಕು. ಹಳ್ಳಿಯ ಮನೆಯಲ್ಲಿ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಎರಡೂ ದುರ್ಲಭವಾಗಿದ್ದವು. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ಈ ಕೊರತೆ ತುಂಬಬಲ್ಲದೇ ಎಂದು ತಿಳಿಯಲು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಡಾ. ಬಿ.ಎಸ್.ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮತ್ತಿತರರು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಅವರೊಡನೆ ಸೇರಿ 2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ ಅಧ್ಯಯನ ನಡೆಸಿದರು. ಒಟ್ಟು 1620 ಮಹಿಳೆಯರ ಪೈಕಿ 812 ಮಂದಿಗೆ ಮಿಸೊಪ್ರೊಸ್ಟಾಲ್, 808 ಮಂದಿಗೆ ಔಷಧಾಂಶವಿಲ್ಲದ ಮಾತ್ರೆ ನೀಡಲಾಯಿತು. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ರಕ್ತಸ್ರಾವವನ್ನು ಅಳೆದವರು 25 ಮಂದಿ ಎ.ಎನ್.ಎಂ.ಗಳು, ಅಂದರೆ ಹಳ್ಳಿಗರು 'ನರ್ಸಮ್ಮ' ಎಂದು ಕರೆಯುವ ಸಹಾಯಕ ಶುಶ್ರೂಷಕಿಯರು.

2006ರ ಅಕ್ಟೋಬರ್‌ನಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಫಲಿತಾಂಶ ಪ್ರಕಟಿಸಿತು. ಅತಿ ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು. ತೀವ್ರ ಸ್ವರೂಪದ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೆ ಇಳಿದಿತ್ತು. ಮಾತ್ರೆ ಪಡೆದ ಪ್ರತಿ 18 ಮಹಿಳೆಯರಲ್ಲಿ ಒಬ್ಬರನ್ನು ಅತಿ ರಕ್ತಸ್ರಾವದಿಂದ ಪಾರುಮಾಡಿದಂತಾಯಿತು. ಅಡ್ಡಪರಿಣಾಮವಾಗಿ ಕಂಡದ್ದು ಸ್ವಲ್ಪ ಹೊತ್ತಿನ ಚಳಿ, ಜ್ವರ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಈ ಉದ್ದೇಶಕ್ಕೆ ಮಿಸೊಪ್ರೊಸ್ಟಾಲನ್ನು ಅತ್ಯವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಈ ಅಧ್ಯಯನದ ಮುಖ್ಯ ಸಂಗತಿ ಅಂಕಿ ಅಂಶಗಳಿಗಿಂತ ಅಳತೆಯಲ್ಲಿದೆ. ಅದುವರೆಗೆ ಹೆರಿಗೆಯಲ್ಲಿ ಎಷ್ಟು ರಕ್ತ ಹೋಯಿತೆಂಬುದನ್ನು ಕಣ್ಣಂದಾಜಿನಲ್ಲಿ ಹೇಳುವುದೇ ರೂಢಿ. ಹಾಸಿಗೆ, ಬಟ್ಟೆ, ನೆಲಕ್ಕೆ ಹರಿದದ್ದನ್ನು ಯಾರೂ ಅಳೆದವರಿಲ್ಲ, ಮತ್ತು ಅಂದಾಜು ಸಾಮಾನ್ಯವಾಗಿ ವಾಸ್ತವಕ್ಕಿಂತ ಕಡಿಮೆಯೇ ಆಗುತ್ತದೆ. ಬೆಳಗಾವಿಯಲ್ಲಿ ತಾಯಿಯ ಸೊಂಟದ ಕೆಳಗೆ ಹಾಸುವ, ತುದಿಯಲ್ಲಿ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲ ಬಳಕೆಯಾಯಿತು. 'ಬ್ರಾಸ್-ವಿ ಡ್ರೇಪ್' ಎಂಬ ಹೆಸರು ಪಡೆದ ಈ ಸಾಧನ ಅನಂತರ ಬೇರೆ ದೇಶಗಳಿಗೂ ಹೋಯಿತು. 2023ರಲ್ಲಿ ಪ್ರಕಟವಾದ, ಆಫ್ರಿಕಾದ ನಾಲ್ಕು ದೇಶಗಳ 'ಇ-ಮೋಟಿವ್' ಅಧ್ಯಯನದಲ್ಲಿ ಸೂಲಗಿತ್ತಿ ದಾದಿಯರ ಕೈಗೆ ಕೊಟ್ಟದ್ದು ಇದೇ ಬಗೆಯ ಅಳತೆ ಚೀಲವನ್ನು. ಅಳತೆಯ ಜೊತೆಗೆ ಚಿಕಿತ್ಸಾ ಕ್ರಮವನ್ನೂ ಒಟ್ಟುಗೂಡಿಸಿದಾಗ ತೀವ್ರ ರಕ್ತಸ್ರಾವ, ಶಸ್ತ್ರಚಿಕಿತ್ಸೆ, ಸಾವು ಈ ಮೂರರ ಒಟ್ಟು ಪ್ರಮಾಣ ಶೇ 60ರಷ್ಟು ಕಡಿಮೆಯಾಯಿತು.

ಮಿಸೊಪ್ರೊಸ್ಟಾಲ್ ಅಧ್ಯಯನದ ಹಣ ಅಮೆರಿಕ ಸರ್ಕಾರದ ಸಂಶೋಧನಾ ಸಂಸ್ಥೆ ಮತ್ತು ಗೇಟ್ಸ್ ಪ್ರತಿಷ್ಠಾನದ್ದು, ಔಷಧ ಕಂಪನಿಯದಲ್ಲ. ಉದ್ಯಮದ ಜೊತೆಗಿನ ನೇರ ಸಹಯೋಗ ಬಂದದ್ದು ಮುಂದಿನ ಹಂತದಲ್ಲಿ. ಬಿಸಿಲಿಗೆ ಕೆಡದ ಕಾರ್ಬೆಟೋಸಿನ್ ಎಂಬ ಚುಚ್ಚುಮದ್ದನ್ನು ಫೆರಿಂಗ್ ಕಂಪನಿ ರೂಪಿಸಿತು. ಅದು ಆಕ್ಸಿಟೋಸಿನ್‌ಗೆ ಸಮವೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ 10 ದೇಶಗಳ 23 ಆಸ್ಪತ್ರೆಗಳಲ್ಲಿ 29,645 ಮಹಿಳೆಯರಲ್ಲಿ ಪರೀಕ್ಷಿಸಿತು. ಹಣ ನೀಡಿದ್ದು ಎಂ.ಎಸ್.ಡಿ. ಕಂಪನಿಯ ತಾಯಂದಿರ ಆರೋಗ್ಯ ಯೋಜನೆ. ಬೆಳಗಾವಿಯ ತಂಡ ಇದರಲ್ಲಿಯೂ ಇತ್ತು. 2018ರಲ್ಲಿ ಬಂದ ಫಲಿತಾಂಶದ ಪ್ರಕಾರ 500 ಮಿ.ಲೀ. ಅಥವಾ ಹೆಚ್ಚಿನ ರಕ್ತಸ್ರಾವ ಇಲ್ಲವೇ ಹೆಚ್ಚುವರಿ ಔಷಧದ ಅಗತ್ಯ ಬಿದ್ದ ಪ್ರಮಾಣ ಕಾರ್ಬೆಟೋಸಿನ್ ಗುಂಪಿನಲ್ಲಿ ಶೇ 14.5, ಆಕ್ಸಿಟೋಸಿನ್ ಗುಂಪಿನಲ್ಲಿ ಶೇ 14.4. ಮರುವರ್ಷವೇ ಅದು ಅತ್ಯವಶ್ಯಕ ಔಷಧಗಳ ಪಟ್ಟಿ ಸೇರಿತು. ಕಂಪನಿಯ ಔಷಧ, ಕಂಪನಿಯ ಹಣ, ಸಾರ್ವಜನಿಕ ಸಂಸ್ಥೆಯ ಮೇಲ್ವಿಚಾರಣೆ ಎಂಬ ಈ ಏರ್ಪಾಡು ಸಹಯೋಗಕ್ಕೆ ಒಳ್ಳೆಯ ಮಾದರಿ ಎನ್ನಬಹುದು.

ದಾದಿಯರನ್ನು ಸೇರಿಸಿಕೊಂಡ ಮಾತ್ರಕ್ಕೆ ಫಲ ಖಚಿತ ಎಂದೇನೂ ಅಲ್ಲ. ಹರಿಯಾಣ ಮತ್ತು ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ನಡೆದ 'ಎಂ-ವೆಲ್‌ಕೇರ್' ಅಧ್ಯಯನದಲ್ಲಿ ದಾದಿಯರಿಗೆ ಟ್ಯಾಬ್ಲೆಟ್ ಕಂಪ್ಯೂಟರ್ ನೀಡಿ ರಕ್ತದೊತ್ತಡ, ಮಧುಮೇಹ ರೋಗಿಗಳ ಚಿಕಿತ್ಸೆಗೆ ನೆರವಾಗುವ ತಂತ್ರಾಂಶ ಒದಗಿಸಲಾಗಿತ್ತು. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ತಂತ್ರಾಂಶವಿದ್ದ ಕೇಂದ್ರಗಳಿಗೂ ಇಲ್ಲದ ಕೇಂದ್ರಗಳಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಂತಹ ಫಲಿತಾಂಶವನ್ನೂ ಮುಚ್ಚಿಡದೆ ಪ್ರಕಟಿಸಿದ್ದು ಮೆಚ್ಚತಕ್ಕದ್ದು.

ನಂಬಿಕೆ ಎಂಬ ಇಬ್ಬಾಯಿ ಕತ್ತಿ

ವೈದ್ಯರ ಮುಂದೆ ತಲೆಯಾಡಿಸಿ ಬರುವ ರೋಗಿ ನಿಜವಾದ ಪ್ರಶ್ನೆ ಕೇಳುವುದು ಹೊರಗೆ ಬಂದು ದಾದಿಯ ಬಳಿ. 'ಸಿಸ್ಟರ್, ಸೇರ್ಕೊಳ್ಳೋದಾ ಬ್ಯಾಡವಾ?' ಎಂಬ ಪ್ರಶ್ನೆಗೆ ಆಕೆ ಏನು ಹೇಳುತ್ತಾರೋ ಅದೇ ತೀರ್ಮಾನವಾಗುವ ಸಾಧ್ಯತೆ ಹೆಚ್ಚು. ಇಲ್ಲಿಯೇ ಅಪಾಯವೂ ಇದೆ.

ಸಮ್ಮತಿ ಪತ್ರ ಕನ್ನಡದಲ್ಲಿದ್ದ ಮಾತ್ರಕ್ಕೆ ಅರ್ಥವಾಗುತ್ತದೆ ಎಂದೇನಿಲ್ಲ. 'ಯಾದೃಚ್ಛಿಕ ಹಂಚಿಕೆ' ಎಂದು ಅಚ್ಚಾದ ಪದವನ್ನು 'ಚೀಟಿ ಎತ್ತಿದ ಹಾಗೆ, ಯಾರಿಗೆ ಯಾವುದು ಬರುತ್ತೋ ಗೊತ್ತಿಲ್ಲ' ಎಂದು ಬಿಡಿಸಿ ಹೇಳಬೇಕಾಗುತ್ತದೆ. ಔಷಧಾಂಶವಿಲ್ಲದ ಮಾತ್ರೆಯನ್ನು ಇಂಗ್ಲಿಷಿನಿಂದ ನೇರವಾಗಿ 'ಸಕ್ಕರೆ ಮಾತ್ರೆ' ಎಂದು ಅನುವಾದಿಸಿದರೆ ಮಂಡ್ಯದ ಕಡೆಯ ರೋಗಿ ಅದನ್ನು ಸಕ್ಕರೆ ಕಾಯಿಲೆಯ ಮಾತ್ರೆ ಎಂದೇ ತಿಳಿಯುವುದು ಸಹಜ. ಎಲ್ಲಕ್ಕಿಂತ ಕಷ್ಟದ್ದು, 'ಇದು ನಿಮಗೆ ಗುಣವಾಗಲೆಂದು ಕೊಡುವ ಚಿಕಿತ್ಸೆಯಲ್ಲ, ಔಷಧ ಕೆಲಸ ಮಾಡುತ್ತದೆಯೇ ಎಂದು ನೋಡುವ ಪರೀಕ್ಷೆ' ಎಂಬ ಮಾತು. ದೊಡ್ಡಾಸ್ಪತ್ರೆಯಲ್ಲಿ ಪುಕ್ಕಟೆ ಔಷಧ ಎಂಬ ಸಂತಸದಲ್ಲಿ ಈ ಮಾತು ಕಿವಿಗೆ ಬೀಳುವುದೇ ಇಲ್ಲ.

ನಂಬಿಕೆ ದುರ್ಬಳಕೆಯಾದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ರಾಜ್ಯದ ನಿದರ್ಶನವಿದೆ. 2009-10ರಲ್ಲಿ ಅವಿಭಜಿತ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರ ಜಿಲ್ಲೆಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಯೋಜನೆಯನ್ನು 'ಪಾಥ್' ಎಂಬ ಅಮೆರಿಕದ ಸಂಸ್ಥೆ ಐಸಿಎಂಆರ್ ಮತ್ತು ರಾಜ್ಯ ಸರ್ಕಾರಗಳ ಜೊತೆ ಕೈಗೊಂಡಿತು. ಲಸಿಕೆ ಬಂದದ್ದು ತಯಾರಕ ಕಂಪನಿಗಳ ಕೊಡುಗೆಯಾಗಿ. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ತಡೆಹಿಡಿಯಿತು. ಹೆತ್ತವರ ಬದಲು ವಸತಿ ನಿಲಯದ ವಾರ್ಡನ್‌ಗಳು, ಮುಖ್ಯೋಪಾಧ್ಯಾಯರು ಸಮ್ಮತಿ ಪತ್ರಕ್ಕೆ ಸಹಿ ಹಾಕಿದ್ದುದು ತನಿಖೆಯಲ್ಲಿ ಬೆಳಕಿಗೆ ಬಂತು. ಸಂಸದೀಯ ಸ್ಥಾಯಿ ಸಮಿತಿ 2013ರ ಆಗಸ್ಟ್‌ನ ತನ್ನ 72ನೇ ವರದಿಯಲ್ಲಿ ಕಟುವಾಗಿ ಟೀಕಿಸಿತು. ಆ ಅವಧಿಯಲ್ಲಿ ಸಂಭವಿಸಿದ ಏಳು ಬಾಲಕಿಯರ ಸಾವಿಗೆ ಲಸಿಕೆ ಕಾರಣವೆಂದು ತನಿಖೆ ಹೇಳಲಿಲ್ಲ, ಲಸಿಕೆಯ ಸುರಕ್ಷತೆಯೂ ಜಗತ್ತಿನಾದ್ಯಂತ ದೃಢಪಟ್ಟಿದೆ. ತಪ್ಪಿದ್ದು ಕೇಳುವ ರೀತಿಯಲ್ಲಿ, ಮತ್ತು ತೊಂದರೆಯಾದಾಗ ದಾಖಲಿಸುವ ವ್ಯವಸ್ಥೆಯಲ್ಲಿ. ಒಳ್ಳೆಯ ಲಸಿಕೆಯೊಂದು ಇದರಿಂದ ಅನೇಕ ವರ್ಷ ಅನುಮಾನಕ್ಕೆ ಗುರಿಯಾದದ್ದು ದುರದೃಷ್ಟಕರ.

ಕಾನೂನಿನಲ್ಲಿ ದಾದಿ ಎಲ್ಲಿ?

2005ರ ಜನವರಿಯಲ್ಲಿ ಔಷಧ ನಿಯಮಾವಳಿಯ 'ವೈ' ಅನುಸೂಚಿಗೆ ತಿದ್ದುಪಡಿಯಾದ ಮೇಲೆ ವಿದೇಶಿ ಕಂಪನಿಗಳ ಪ್ರಯೋಗಗಳು ಭಾರತದತ್ತ ಹರಿದು ಬಂದವು. ಬೆಂಗಳೂರಿನಲ್ಲಿ ಆ ವೇಳೆಗಾಗಲೇ ಬಯೋಕಾನ್ ಸಮೂಹದ ಕ್ಲಿನಿಜೀನ್‌ನಂತಹ ಸಂಶೋಧನಾ ಕಂಪನಿಗಳು ನೆಲೆಗೊಂಡಿದ್ದವು. 2007ರ ಜುಲೈನಲ್ಲಿ ಪ್ರಯೋಗಗಳ ರಾಷ್ಟ್ರೀಯ ನೋಂದಣಿ (ಸಿಟಿಆರ್‌ಐ) ಆರಂಭವಾಗಿ 2009ರ ಜೂನ್ 15ರಿಂದ ಕಡ್ಡಾಯವಾಯಿತು. ಇಂದೋರಿನ ಸ್ವಾಸ್ಥ್ಯ ಅಧಿಕಾರ ಮಂಚ್ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಬಳಿಕ ಪರಿಹಾರ ಮತ್ತು ಸಮ್ಮತಿಯ ನಿಯಮಗಳು ಬಿಗಿಯಾದವು. ಈಗ ಜಾರಿಯಲ್ಲಿರುವುದು 2019ರ ಮಾರ್ಚ್ 19ರಂದು ಪ್ರಕಟವಾದ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು.

ಇದರ ಪ್ರಕಾರ ಪ್ರತಿ ಪ್ರಯೋಗಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು, ಅರ್ಧದಷ್ಟಾದರೂ ಆ ಸಂಸ್ಥೆಗೆ ಸಂಬಂಧಪಡದವರಾಗಿರಬೇಕು. ಕಾನೂನು ತಜ್ಞರು, ಒಬ್ಬ ಸಾಮಾನ್ಯ ನಾಗರಿಕ, ಒಬ್ಬ ಮಹಿಳೆ ಇರಲೇಬೇಕು. ದಾದಿ ಇರಬೇಕೆಂಬ ಷರತ್ತು ಮಾತ್ರ ಇಲ್ಲ. ಓದು ಬರಹ ಬಾರದ ರೋಗಿಗೆ ವಿವರಿಸುವಾಗ ಪ್ರಯೋಗದ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಆದ್ಯಂತ ಹಾಜರಿದ್ದು ಸಹಿ ಹಾಕಬೇಕು. ಆದ್ದರಿಂದ ಆ ಪ್ರಯೋಗದಲ್ಲಿ ಕೆಲಸ ಮಾಡುವ ದಾದಿ ಸಾಕ್ಷಿಯಾಗುವಂತಿಲ್ಲ. ಹೊಚ್ಚಹೊಸ ಔಷಧವಾಗಿದ್ದು ದುರ್ಬಲ ವರ್ಗದವರು ಭಾಗಿಯಾಗುವುದಾದರೆ ಸಮ್ಮತಿಯ ಮಾತುಕತೆಯನ್ನು ದೃಶ್ಯ-ಶ್ರವ್ಯವಾಗಿ ಮುದ್ರಿಸಬೇಕು.

ಅಮೆರಿಕದಲ್ಲಿ ಸಂಶೋಧನಾ ಶುಶ್ರೂಷೆಯನ್ನು 2016ರಲ್ಲಿ ಪ್ರತ್ಯೇಕ ವಿಶೇಷ ವಿಭಾಗವೆಂದು ಅಲ್ಲಿನ ದಾದಿಯರ ಸಂಘ ಮಾನ್ಯ ಮಾಡಿದೆ. ನಮ್ಮಲ್ಲಿ ಈ ಕೆಲಸಕ್ಕೆ 'ಸ್ಟಡಿ ಕೋಆರ್ಡಿನೇಟರ್' ಎಂಬ ಹೆಸರಿದ್ದು, ಫಾರ್ಮಸಿ ಮತ್ತು ಜೀವವಿಜ್ಞಾನ ಪದವೀಧರರೂ ಅದಕ್ಕೆ ನೇಮಕವಾಗುತ್ತಾರೆ. ಅವರು ಕಡತ ನೋಡಿಕೊಳ್ಳಬಲ್ಲರು, ಆದರೆ ರೋಗಿಯ ಉಸಿರಾಟದ ಏರಿಳಿತ ನೋಡಿ ಗಾಬರಿಯಾಗಬೇಕಾದ ಹೊತ್ತು ಯಾವುದೆಂದು ಅರಿಯುವುದು ವಾರ್ಡಿನ ಅನುಭವದಿಂದ. ಶುಶ್ರೂಷಾ ಪದವಿಯಲ್ಲಿ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರದ ಪಾಠವಿದೆ. ಭಾರತೀಯ ಶುಶ್ರೂಷಾ ಪರಿಷತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಪಿಎಚ್.ಡಿ. ಒಕ್ಕೂಟವನ್ನೂ ನಡೆಸಿದೆ. ಆದರೆ ಪದವಿಯ ಪ್ರಬಂಧಕ್ಕೂ ಕಂಪನಿಯ ಪ್ರಯೋಗದ ಶಿಸ್ತಿಗೂ ನಡುವೆ ಬಹಳ ದೂರವಿದೆ.

ಹಣದ ವಿಷಯವನ್ನೂ ಮರೆಯುವಂತಿಲ್ಲ. ಒಪ್ಪಂದ ನಡೆಯುವುದು ಕಂಪನಿ, ಸಂಶೋಧಕ ಮತ್ತು ಆಸ್ಪತ್ರೆಯ ನಡುವೆ. ದಾದಿಯ ಹೆಚ್ಚುವರಿ ದುಡಿಮೆಗೆ ಅದರಲ್ಲಿ ಬಾಬ್ತು ನಮೂದಾಗದಿದ್ದರೆ ಅದು ಎಂದಿನ ಪಾಳಿಯಲ್ಲಿಯೇ ಕರಗಿಹೋಗುತ್ತದೆ. ಸೇರಿದ ರೋಗಿಗಳ ತಲೆಲೆಕ್ಕದಲ್ಲಿ ಭತ್ಯೆ ಕೊಡುವುದು ಇನ್ನೂ ಕೆಟ್ಟದ್ದು, ಏಕೆಂದರೆ ಆಗ 'ಸೇರ್ಕೊಳ್ಳಿ' ಎಂಬ ಮಾತಿಗೆ ಬೆಲೆ ಬರುತ್ತದೆ. ಕೆಲಸದ ಗಂಟೆಗಳ ಮೇಲೆ ಸಂಭಾವನೆ ನಿಗದಿಪಡಿಸಿ ಅದನ್ನು ನೈತಿಕ ಸಮಿತಿಯ ಮುಂದಿಡುವುದು ಸರಿಯಾದ ದಾರಿ.

ಮಳವಳ್ಳಿಯಲ್ಲಿ ರಾತ್ರಿ

ಮೈಸೂರಿನ ಆಸ್ಪತ್ರೆಯೊಂದರಲ್ಲಿ ಪ್ರಯೋಗಕ್ಕೆ ಸೇರಿದ ಮಳವಳ್ಳಿ ತಾಲ್ಲೂಕಿನ ಕಬ್ಬು ಬೆಳೆಗಾರರೊಬ್ಬರನ್ನು ಊಹಿಸಿಕೊಳ್ಳಬಹುದು. ನಿಗದಿತ ಭೇಟಿ ಒಂದೆರಡು ದಿನ ಆಚೀಚೆ ಆದರೆ ನಡೆಯುತ್ತದೆ, ಹೆಚ್ಚು ತಪ್ಪಿದರೆ ಅವರ ಮಾಹಿತಿ ಕೆಡುತ್ತದೆ. ಆದರೆ ಕಬ್ಬು ಕಡಿಯುವ ಸರದಿ ಬಂದ ದಿನ, ರೇಷ್ಮೆ ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನ, ಊರ ಹಬ್ಬದ ದಿನ ಅವರು ಬಸ್ಸು ಹತ್ತಲಾರರು. ಇದನ್ನು ಮೊದಲೇ ತಿಳಿದು ದಿನಾಂಕ ಹೊಂದಿಸುವುದು ಕಂಪನಿಯ ತಂತ್ರಾಂಶಕ್ಕೆ ಬಾರದ ವಿದ್ಯೆ. ಮದ್ದೂರಿಗೆ ರೈಲಿದೆ, ಮಳವಳ್ಳಿಗಿಲ್ಲ ಎಂಬುದನ್ನೂ ವೇಳಾಪಟ್ಟಿ ಸಿದ್ಧಪಡಿಸುವವರು ಅರಿತಿರಬೇಕು.

ಅವರಿಗೆ ಒಂದು ರಾತ್ರಿ ಎದೆಯಲ್ಲಿ ಸಂಕಟವಾದರೆ ಹೋಗುವುದು ಮೈಸೂರಿಗಲ್ಲ, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗೆ. ಮೊದಲು ನೋಡುವುದು ಪಾಳಿಯ ಶುಶ್ರೂಷಾಧಿಕಾರಿ. ಒಳರೋಗಿಯಾಗಿ ದಾಖಲಾದರೆ ನಿಯಮದ ಪ್ರಕಾರ ಅದು 'ಗಂಭೀರ ಪ್ರತಿಕೂಲ ಘಟನೆ'. ಪ್ರಧಾನ ಸಂಶೋಧಕರು 24 ಗಂಟೆಯೊಳಗೆ ಕೇಂದ್ರ ಪರವಾನಗಿ ಪ್ರಾಧಿಕಾರಕ್ಕೆ, ಕಂಪನಿಗೆ, ನೈತಿಕ ಸಮಿತಿಗೆ ವರದಿ ಮಾಡಬೇಕು. ಕಾರಣ ವಿಶ್ಲೇಷಿಸಿದ ವಿವರ ವರದಿಗೆ 14 ದಿನಗಳ ಗಡುವು. ರೋಗಿಗೆ ಸಿಗಬೇಕಾದ ಉಚಿತ ಚಿಕಿತ್ಸೆ, ಪ್ರಯೋಗದಿಂದಲೇ ಹಾನಿಯಾಗಿದ್ದರೆ ಪರಿಹಾರ ಎಲ್ಲವೂ ಈ ಮೊದಲ ಸುದ್ದಿಯಿಂದ ಆರಂಭವಾಗುತ್ತವೆ.

ಆದರೆ ಮಳವಳ್ಳಿಯ ದಾದಿಗೆ ಆ ಪ್ರಯೋಗದ ಸುದ್ದಿಯೇ ತಿಳಿದಿರುವುದಿಲ್ಲ. ಡೆಲಿಗೇಷನ್ ಲಾಗ್‌ನಲ್ಲಿ ಆಕೆಯ ಹೆಸರಿಲ್ಲ, ಕಂಪನಿಯ ತರಬೇತಿ ಆಕೆಗೆ ದೊರೆತಿಲ್ಲ. ರೋಗಿಯ ಜೇಬಿನಲ್ಲಿರುವ, ಪ್ರಯೋಗ ಕೇಂದ್ರ ಕೊಟ್ಟ ಗುರುತಿನ ಚೀಟಿಯೊಂದೇ ಆಕೆಗೂ ಆ ಕೇಂದ್ರಕ್ಕೂ ಇರುವ ಕೊಂಡಿ. ಅದನ್ನು ಇಂಗ್ಲಿಷಿನಲ್ಲಿ ಮಾತ್ರ ಅಚ್ಚು ಹಾಕಿಸಿದ್ದರೆ, ಅಥವಾ ಮನೆಯ ಪೆಟ್ಟಿಗೆಯಲ್ಲಿ ಭದ್ರವಾಗಿ ಇಟ್ಟು ಬಂದಿದ್ದರೆ, ಆ ಕೊಂಡಿಯೂ ಕಳಚಿದಂತೆ. ಪ್ರಯೋಗದ ಔಷಧದೊಡನೆ ಸೇರಬಾರದ ಮದ್ದನ್ನು ತಿಳಿಯದೆ ಕೊಟ್ಟುಬಿಡುವ ಸಂಭವವೂ ಇಲ್ಲದಿಲ್ಲ. ಉದ್ಯಮ ಮತ್ತು ದಾದಿಯರ ಸಹಯೋಗ ಪ್ರಯೋಗ ಕೇಂದ್ರದ ಗೇಟಿನ ಬಳಿ ನಿಂತುಬಿಡುವುದೇ ಈ ವ್ಯವಸ್ಥೆಯ ದೊಡ್ಡ ಕೊರತೆ. ರೋಗಿಗಳು ಯಾವ ತಾಲ್ಲೂಕಿನಿಂದ ಬರುತ್ತಾರೋ ಅಲ್ಲಿನ ಆಸ್ಪತ್ರೆಗೆ ಒಂದು ಪುಟದ ಮಾಹಿತಿ ಕಳುಹಿಸಲು, ರೋಗಿ ಒಪ್ಪಿದರೆ ಊರಿನ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗೆ ತಿಳಿಸಿಡಲು ಕಂಪನಿಗೆ ಆಗುವ ಖರ್ಚು ಅತ್ಯಲ್ಪ.

ಪ್ರಯೋಗಕ್ಕೆ ಸೇರುವಂತೆ ಆಹ್ವಾನ ಬಂದವರು ಸಮ್ಮತಿ ಪತ್ರದ ಪ್ರತಿಯೊಂದನ್ನು ಮನೆಗೆ ತರಬಹುದು. ಅದರಲ್ಲಿ ಸಂಶೋಧಕರ ಮತ್ತು ನೈತಿಕ ಸಮಿತಿಯ ಸಂಪರ್ಕ ವಿವರ ಇರಬೇಕು. ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ ಪಡೆದರೆ ಪ್ರಯೋಗದ ವಿವರವನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಯಾವ ಹಂತದಲ್ಲಾದರೂ ಕಾರಣ ಹೇಳದೆ ಹೊರಬರಬಹುದು, ಅದರಿಂದ ಎಂದಿನ ಚಿಕಿತ್ಸೆಗೆ ಅಡ್ಡಿಯಾಗಕೂಡದು. ಬೇರೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ತೋರಿಸಬೇಕಾದದ್ದು ಆ ಗುರುತಿನ ಚೀಟಿ.